ಡ್ರಾಪ್‌ಡೌನ್ ಮೆನು: ಮಾಡಿ ನೋಡಿದವರು ದಯವಿಟ್ಟು ಹೇಳಿ

ವಾಸ್ಕೋದಿಂದ, ಪ್ರಶ್ನೆ:

ಇಲ್ಲಿನ ನಮ್ಮ ಕನ್ನಡ ಸಂಘಕ್ಕೆ ವೆಬ್‌ಸೈಟ್ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ನ ಒಂದು ಉಚಿತ ಥೀಮ್ (ಸಿದ್ಧ ವಿನ್ಯಾಸ) ಹಾಕಿ ವೆಬ್‌ಸೈಟ್ ಮಾಡಿದ್ದೇನೆ. ಪುಟಗಳು ಬೆಳೆದು ಹದಿನೇಳಾದವು, ಮೇಲಿನ ಮೆನು ಮೂರು ಸಾಲಿಗೆ ಬಿತ್ತು. ಹಾಗಾಗಿ ಡ್ರಾಪ್‌ಡೌನ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಮೌಸ್ ತಾಗಿಸಿದರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ಕೆಳಗಿನ ಹೆಸರಿಗೆ ಹೋಗುವಷ್ಟರಲ್ಲಿ ಮಾಯ. ಮೊಬೈಲಿನಲ್ಲಂತೂ ‘ಕಾರ್ಯಕ್ರಮಗಳು’ ಒತ್ತಿದರೆ ಒಳಪಟ್ಟಿ ಕಾಣುವ ಮೊದಲೇ ಆ ಪುಟಕ್ಕೆ ಹೋಗಿಬಿಡುತ್ತದೆ. ನಾನು ಲೆಕ್ಕಪತ್ರದ ಕೆಲಸದವಳು, ಕೋಡ್ ಬರೆದು ಗೊತ್ತಿಲ್ಲ. ರಾಜ್ಯೋತ್ಸವದೊಳಗೆ ಸರಿಮಾಡಬೇಕು. ಎಲ್ಲಿಂದ ಶುರುಮಾಡಲಿ?

ಡೊಂಬಿವಲಿಯಿಂದ:

ನಮ್ಮ ಸಂಘದ ವೆಬ್‌ಸೈಟನ್ನು ಹತ್ತು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ನಿಮಗಾದದ್ದೆಲ್ಲ ನನಗೂ ಆಗಿದೆ. ಥೀಮಿಗೆ ಕೈಹಾಕುವ ಮೊದಲು ಒಂದು ಸಂಜೆ ಕಾಗದಕ್ಕೆ ಕೊಡಿ. ಹದಿನೇಳು ಪುಟಗಳ ಹೆಸರನ್ನು ಹದಿನೇಳು ಚೀಟಿಗಳಲ್ಲಿ ಬರೆದು, ಸಮಿತಿಯಲ್ಲಿಲ್ಲದ ಮೂವರು ಸದಸ್ಯರ ಮುಂದೆ ಹರಡಿ, ‘ಯಾವುದರ ಜೊತೆ ಯಾವುದು ಸೇರುತ್ತೆ, ಇಟ್ಟು ತೋರಿಸಿ’ ಅನ್ನಿ. ನಾವು ಹಾಗೆ ಮಾಡಿದಾಗ ತಿಳಿದದ್ದು ಇಷ್ಟು: ಸಮಿತಿಯವರು ಪುಟಗಳನ್ನು ಉಪಸಮಿತಿಗಳ ಪ್ರಕಾರ ಜೋಡಿಸಿದ್ದರು, ಸದಸ್ಯರು ತಮ್ಮ ಕೆಲಸದ ಪ್ರಕಾರ ಜೋಡಿಸಿದರು. ‘ಶಿಕ್ಷಣ ಉಪಸಮಿತಿ’ಯ ಒಳಗೆ ಅಡಗಿದ್ದ ವಿದ್ಯಾರ್ಥಿವೇತನದ ಅರ್ಜಿ ಯಾರಿಗೂ ಸಿಗುತ್ತಿರಲಿಲ್ಲ, ಪ್ರತಿ ಜೂನ್‌ನಲ್ಲಿ ನನಗೇ ಫೋನ್ ಬರುತ್ತಿತ್ತು. ಅದನ್ನು ಮೇಲಿನ ಸಾಲಿಗೆ ತಂದ ವರ್ಷ ಫೋನ್ ನಿಂತಿತು. ಡ್ರಾಪ್‌ಡೌನ್ ಅಂದರೆ ಮುಚ್ಚಿಟ್ಟ ಪಟ್ಟಿ ತಾನೇ? ಜನ ಹುಡುಕಿಕೊಂಡು ಬರುವ ವಸ್ತುವನ್ನು ಮುಚ್ಚಿಡಬಾರದು.

ಒಂದೇ ಹೆಸರನ್ನು ಎರಡು ಕಡೆ ಇಡಬೇಡಿ. ಮುಂಬಯಿಯ ದಾದರ್ ಸ್ಟೇಷನ್ನಿನಲ್ಲಿ ವೆಸ್ಟರ್ನ್ ಲೈನಿಗೂ ಒಂದನೇ ನಂಬರಿನ ಪ್ಲಾಟ್‌ಫಾರ್ಮ್, ಸೆಂಟ್ರಲ್ ಲೈನಿಗೂ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಇದ್ದ ಕಾಲದಲ್ಲಿ ಊರಿಂದ ಬಂದವರು ಎಷ್ಟು ಅಲೆದಿದ್ದಾರೆ! 2023ರ ಡಿಸೆಂಬರಿನಲ್ಲಿ ಎಲ್ಲಕ್ಕೂ 1ರಿಂದ 14ರವರೆಗೆ ಸಾಲಾಗಿ ನಂಬರ್ ಕೊಟ್ಟ ಮೇಲೆ ಆ ಗೊಂದಲ ಹೋಯಿತು. ನಮ್ಮ ಮೆನುವಿನಲ್ಲಿ ‘ಫೋಟೋಗಳು’ ಮೂರು ಕಡೆ ಇತ್ತು: ಯಕ್ಷಗಾನದ ಕೆಳಗೆ, ಕ್ರೀಡೆಯ ಕೆಳಗೆ, ಮಹಿಳಾ ವಿಭಾಗದ ಕೆಳಗೆ. ಈಗ ಒಂದೇ ಇದೆ.

ಇನ್ನು ಮುಂಬಯಿ, ಗೋವಾದವರಿಗೆ ಮಾತ್ರ ಬರುವ ಪ್ರಶ್ನೆ. ಮನೆಯಲ್ಲಿ ಕನ್ನಡ, ತುಳು ಚೆನ್ನಾಗಿ ಮಾತಾಡುವ ನಮ್ಮ ಮಕ್ಕಳಲ್ಲಿ ಎಷ್ಟೋ ಜನಕ್ಕೆ ಕನ್ನಡ ಅಕ್ಷರ ಓದಲು ಬರುವುದಿಲ್ಲ. ಪ್ರತಿ ಹೆಸರನ್ನೂ ಎರಡೆರಡು ಭಾಷೆಯಲ್ಲಿ ಅಡ್ಡಗೆರೆ ಹಾಕಿ ಬರೆದು ನೋಡಿದೆ, ಮೆನು ಎರಡು ಪಟ್ಟು ಉದ್ದವಾಯಿತು. ಆಮೇಲೆ ಎರಡು ಪ್ರತ್ಯೇಕ ಮೆನು ಮಾಡಿ, ಭಾಷೆ ಬದಲಿಸುವ ಒಂದೇ ಗುಂಡಿಯನ್ನು ಬಲತುದಿಯಲ್ಲಿ ಹೊರಗೇ ಇಟ್ಟೆ. ಅದನ್ನು ಮಾತ್ರ ಡ್ರಾಪ್‌ಡೌನಿನೊಳಗೆ ಹಾಕಬೇಡಿ. ಓದಲು ಬಾರದವರಿಗೆ ಬೇಕಾದ ಗುಂಡಿ ಅದು, ಓದಲಾಗದ ಹೆಸರಿನ ಕೆಳಗಿದ್ದರೆ ಅವರಿಗೆ ಸಿಗುವುದು ಹೇಗೆ?

ಪುಟದ ಹೆಸರು ಕನ್ನಡದಲ್ಲಿರಲಿ, ಅದರ ವೆಬ್ ವಿಳಾಸವನ್ನು ಮಾತ್ರ ರೋಮನ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ವಿಳಾಸದಲ್ಲಿ ಕನ್ನಡದ ಒಂದೊಂದು ಚಿಹ್ನೆ ಒಂಬತ್ತು ಅಕ್ಷರಗಳಷ್ಟು ಜಾಗ ತಿನ್ನುತ್ತದೆ. ವರ್ಡ್‌ಪ್ರೆಸ್ ವಿಳಾಸದಲ್ಲಿ ಪುಟದ ಹೆಸರಿನ ಭಾಗಕ್ಕೆ ಕೊಡುವುದು 200 ಅಕ್ಷರ. ಇಪ್ಪತ್ತೆರಡು ಚಿಹ್ನೆಗೆ ಹೆಸರು ಕತ್ತರಿಸಿಹೋಗುತ್ತದೆ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಬರೀ ಶೇಕಡಾ ಗುರುತುಗಳು.

ಚಿಂಚವಾಡದಿಂದ:

ಮೇಲಿನವರು ಹೇಳಿದ್ದು ಖರೇ ಅದ. ನಾ ಕೋಡಿನ ಕಡೆಯಿಂದ ಹೇಳ್ತೀನಿ, ದಿನಾ ಮಾಡೂದು ಇದ ಕೆಲಸ.

ಪಟ್ಟಿ ನಡುವ ಮಾಯ ಆಗೂದಕ್ಕ ಕಾರಣ ಹೆಚ್ಚಾಗಿ ಒಂದ: ಮ್ಯಾಲಿನ ಹೆಸರಿಗೂ ಒಳಪಟ್ಟಿಗೂ ನಡುವ ನಾಕೋ ಎಂಟೋ ಪಿಕ್ಸೆಲ್ ಖಾಲಿ ಜಾಗ. ಚಂದ ಕಾಣ್ಲಿ ಅಂತ ಮಾರ್ಜಿನ್ ಕೊಟ್ಟಿರ್ತಾರ. ಮೌಸ್ ಆ ಜಾಗಕ್ಕ ಬಂತಂದ್ರ ಎರಡರ ಮ್ಯಾಲೂ ಇರೂದಿಲ್ಲ, ಹೋವರ್ (ಮೌಸ್ ಮ್ಯಾಲ ಇರೂದು) ಮುಗೀತು, ಪಟ್ಟಿ ಮುಚ್ಚಿತು. ಮಾರ್ಜಿನ್ ತಗದು ಅಷ್ಟ ಪ್ಯಾಡಿಂಗ್ (ಒಳಗಿನ ಖಾಲಿ ಜಾಗ) ಕೊಡ್ರಿ. ಪ್ಯಾಡಿಂಗ್ ಪಟ್ಟಿಯ ಮೈಗೇ ಸೇರಿದ್ದು, ಮೌಸ್ ಹೊರಗ ಬೀಳೂದಿಲ್ಲ. ಇನ್ನೊಂದು, ಮುಚ್ಚೂ ಮುಂದ 0.3 ಸೆಕೆಂಡ್ ತಡ ಇಡ್ರಿ. ಮಂದಿ ಮೌಸನ್ನ ನೆಟ್ಟಗ ಕೆಳಗ ಇಳಿಸೂದಿಲ್ಲ, ಓರೆಯಾಗಿ ಎಳೀತಾರ.

ಬರಿಯೂದೆಲ್ಲ ‘ಹೆಚ್ಚುವರಿ ಸಿಎಸ್‌ಎಸ್’ (ಸಿಎಸ್‌ಎಸ್ ಅಂದ್ರ ಪುಟದ ರೂಪ ಹೇಳೂ ಕೋಡು) ಪೆಟ್ಟಿಗಿಯೊಳಗ ಬರೀರಿ. 2016ರ 4.7ನೇ ಆವೃತ್ತಿಯಿಂದ ವರ್ಡ್‌ಪ್ರೆಸ್‌ನಾಗ ಅದು ಇದ್ದ ಅದ. ಥೀಮಿನ ಮೂಲ ಕಡತದಾಗ ಬರದ್ರ ಮುಂದಿನ ಅಪ್‌ಡೇಟಿಗೆ ಎಲ್ಲಾ ಅಳಿಸಿಹೋಗ್ತದ. ಒಬ್ಬ ಗಿರಾಕಿಯ ಸೈಟಿನಾಗ ನಂದೂ ಎರಡು ವಾರದ ಕೆಲಸ ಹಿಂಗ ಹೋತು, ರಾತ್ರಿ ತಾನ ಅಪ್‌ಡೇಟ್ ಆಗಿತ್ತು.

ಪಟ್ಟಿ ಫೋಟೋ ಸ್ಲೈಡರಿನ ಹಿಂದ ಅಡಗಿದ್ರ ಝಡ್-ಇಂಡೆಕ್ಸ್ (ಯಾವುದು ಮ್ಯಾಲ ಕಾಣಬೇಕು ಅನ್ನೂ ಅಂಕಿ) ಏರಿಸ್ರಿ ಅಂತ ಎಲ್ಲಾರೂ ಹೇಳ್ತಾರ. 9999 ಕೊಟ್ರೂ ಕೆಲವೊಮ್ಮೆ ಮ್ಯಾಲ ಬರೂದಿಲ್ಲ. ಹೆಡರಿಗೆ (ಪುಟದ ತಲೆಭಾಗಕ್ಕ) ಟ್ರಾನ್ಸ್‌ಫಾರ್ಮ್ (ಸರಿಸೂದು, ತಿರುಗಿಸೂದು) ಅಥವಾ ಒಂದಕ್ಕಿಂತ ಕಡಿಮಿ ಒಪಾಸಿಟಿ (ಪಾರದರ್ಶಕ ಮಾಡೂದು) ಇದ್ರ ಅದು ತನ್ನದ ಒಂದು ಬ್ಯಾರೆ ಪದರ ಕಟ್ಟಿಕೊಳ್ತದ. ಒಳಗಿನ ಪಟ್ಟಿಯ ಅಂಕಿ ಆ ಪದರದೊಳಗಷ್ಟ ನಡೀತದ. ಹೆಡರಿಗೇ ಪೊಸಿಷನ್ ಕೊಟ್ಟು ಅದರ ಝಡ್-ಇಂಡೆಕ್ಸ್ ಏರಿಸಬೇಕು. ಪಟ್ಟಿ ಅರ್ಧಕ್ಕ ಕತ್ತರಿಸಿದ್ಹಂಗ ಕಂಡ್ರ ಹೆಡರಿನ ‘ಓವರ್‌ಫ್ಲೋ ಹಿಡನ್’ (ಹೊರಗ ಚಾಚಿದ್ದನ್ನ ಮುಚ್ಚೂ ಸಾಲು) ಹುಡುಕ್ರಿ.

ಕನ್ನಡಕ್ಕ ಮುಖ್ಯವಾದ ಮಾತು: ಥೀಮು ಮಾಡಿದವರು ರೋಮನ್ ಲಿಪಿ ನೋಡಿ ಸಾಲಿನ ಎತ್ತರ 1.2 ಇಟ್ಟಿರ್ತಾರ. ನಮ್ಮ ಒತ್ತಕ್ಷರ ಕೆಳಗ ಇಳೀತಾವ. ‘ರಾಜ್ಯೋತ್ಸವ’, ‘ಸ್ಪರ್ಧೆ’, ‘ಸ್ತ್ರೀಶಕ್ತಿ’ ಬರದು ನೋಡ್ರಿ, ಬುಡ ಕತ್ತರಿಸಿರ್ತದ. 1.6 ಮಾಡ್ರಿ. ಒಳಪಟ್ಟಿಯ ಅಗಲ 150 ಪಿಕ್ಸೆಲ್ ಅಂತ ಗಟ್ಟಿಯಾಗಿ ಬರದಿದ್ರ ತಗದುಹಾಕ್ರಿ. ‘ಕಾರ್ಯಕಾರಿ ಸಮಿತಿ ಸದಸ್ಯರು’ ಅದರೊಳಗ ಹಿಡಿಯೂದಿಲ್ಲ.

ಡೊಂಬಿವಲಿಯಿಂದ, ಮತ್ತೆ:

ಮೊಬೈಲಿನ ಪ್ರಶ್ನೆ ಉಳಿದಿದೆ, ನನಗೆ ಅದೇ ದೊಡ್ಡದು. ನಮ್ಮ ಸದಸ್ಯರು ವೆಬ್‌ಸೈಟ್ ನೋಡುವುದು ಎಲ್ಲಿ? ಫಾಸ್ಟ್ ಲೋಕಲಿನಲ್ಲಿ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಫೋನ್. ಅಲ್ಲಿ ಹೋವರ್ ಎಂಬುದೇ ಇಲ್ಲ. ಐಫೋನಿನ ಸಫಾರಿ ಕೆಲವೊಮ್ಮೆ ಮೊದಲ ಒತ್ತಿಗೆ ಪಟ್ಟಿ ತೋರಿಸಿ, ಎರಡನೆಯದಕ್ಕೆ ಪುಟಕ್ಕೆ ಹೋಗುತ್ತದೆ. ಆಂಡ್ರಾಯ್ಡ್ ಸಾಮಾನ್ಯವಾಗಿ ನೇರ ಪುಟಕ್ಕೇ. ನಿಮಗೆ ಆಗುತ್ತಿರುವುದು ಇದೇ. ಹೋವರ್ ಮೆನು ಹುಟ್ಟಿದ್ದು ಎಲ್ಲರ ಕೈಯಲ್ಲೂ ಮೌಸ್ ಇದ್ದ ದಿನಗಳಲ್ಲಿ. 2003ರಲ್ಲಿ ‘ಸಕ್ಕರ್‌ಫಿಶ್’ ಎಂಬ ವಿಧಾನ ಬಂದಾಗಿನ ಕಷ್ಟವೇ ಬೇರೆ: ಆಗಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ಕೊಂಡಿಗಳಿಗೆ ಬಿಟ್ಟು ಬೇರೆ ಯಾವುದಕ್ಕೂ ಹೋವರ್ ಅರ್ಥಮಾಡಿಕೊಳ್ಳುತ್ತಿರಲಿಲ್ಲ. ಆ ಕಾಲದ ಪಾಠಗಳನ್ನೇ ಇವತ್ತಿಗೂ ನಕಲು ಮಾಡಿ ಹಾಕುತ್ತಿದ್ದಾರೆ.

ಆದ್ದರಿಂದ ನನ್ನ ಸಲಹೆ: ಮೌಸ್ ಇರಲಿ, ಬೆರಳಿರಲಿ, ಒತ್ತಿದರೇ ತೆರೆಯುವ ಹಾಗೆ ಮಾಡಿ. ನಿಮ್ಮದು 2022ರ ಜನವರಿಯ 5.9ನೇ ಆವೃತ್ತಿಯ ನಂತರ ಬಂದ ಬ್ಲಾಕ್ ಥೀಮ್ (ಮೆನು ಸಹಿತ ಎಲ್ಲವನ್ನೂ ಬ್ಲಾಕ್‌ಗಳಾಗಿ ಜೋಡಿಸುವ ಥೀಮ್) ಆಗಿದ್ದರೆ ಕೋಡ್ ಬೇಕೇ ಇಲ್ಲ. ನ್ಯಾವಿಗೇಷನ್ ಬ್ಲಾಕಿನ ಸೆಟ್ಟಿಂಗ್‌ನಲ್ಲಿ ಉಪಮೆನುವನ್ನು ‘ಕ್ಲಿಕ್ ಮಾಡಿದಾಗ ತೆರೆ’ ಎಂಬ ಆಯ್ಕೆ ಇದೆ, ಹಾಕಿದರೆ ಮೇಲಿನ ಹೆಸರು ಗುಂಡಿಯಾಗುತ್ತದೆ. ಹಳೆಯ ಮಾದರಿಯ ಥೀಮ್ ಆದರೆ ‘ಕಾರ್ಯಕ್ರಮಗಳು’ ಎಂಬುದನ್ನು ಪುಟವಾಗಿ ಸೇರಿಸದೆ, ಕಸ್ಟಮ್ ಲಿಂಕ್ ಆಗಿ ವಿಳಾಸದ ಜಾಗದಲ್ಲಿ ಬರೀ ಹ್ಯಾಷ್ ಗುರುತು (#) ಇಟ್ಟು ಸೇರಿಸಿ. ಆ ಪುಟವನ್ನು ‘ಎಲ್ಲ ಕಾರ್ಯಕ್ರಮಗಳು’ ಎಂದು ಒಳಪಟ್ಟಿಯ ಮೊದಲ ಸಾಲಿಗೆ ಇಳಿಸಿ. ಹ್ಯಾಷ್ ಗುರುತನ್ನು ಅಳಿಸಿ ಖಾಲಿ ಬಿಡಬೇಡಿ, ಖಾಲಿ ಬಿಟ್ಟರೆ ಕೀಬೋರ್ಡಿನ ಟ್ಯಾಬ್ ಕೀಲಿಗೆ ಅದು ಸಿಗುವುದಿಲ್ಲ.

ಟ್ಯಾಬ್ ಕೀಲಿಯ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮಲ್ಲಿ ದೃಷ್ಟಿ ಇಲ್ಲದ ಒಬ್ಬ ಸದಸ್ಯರಿದ್ದಾರೆ, ಪರದೆಯ ಮೇಲಿನದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಬಳಸುತ್ತಾರೆ, ಸಾಹಿತ್ಯ ಕಾರ್ಯಕ್ರಮ ಒಂದನ್ನೂ ತಪ್ಪಿಸಿದವರಲ್ಲ. ಒಂದು ದಿನ ಅವರ ಪಕ್ಕ ಕೂತು ನಮ್ಮ ಮೆನು ಕೇಳಿದೆ. ಮುಚ್ಚಿದ ಪಟ್ಟಿಯ ಮೂವತ್ತು ಹೆಸರನ್ನೂ ಅದು ಒಂದೊಂದಾಗಿ ಓದುತ್ತಾ ಹೋಯಿತು, ಪ್ರತಿ ಪುಟದಲ್ಲೂ ಮತ್ತೆ ಮೊದಲಿನಿಂದ. ಅವರು ಅಷ್ಟು ವರ್ಷ ಅದನ್ನು ಸಹಿಸಿಕೊಂಡಿದ್ದರು, ದೂರಿರಲಿಲ್ಲ. ಆ ವಾರವೇ ತೆಗೆದು ಬೇರೆ ಮಾಡಿದೆ. ಮೇಲಿನ ಹೆಸರು ನಿಜವಾದ ಬಟನ್ ಆಗಿರಬೇಕು, ಏರಿಯಾ-ಎಕ್ಸ್‌ಪ್ಯಾಂಡೆಡ್ ಎಂಬ ಗುಣ ತೆರೆದಿದೆಯೋ ಮುಚ್ಚಿದೆಯೋ ಹೇಳಬೇಕು, ಮುಚ್ಚಿದಾಗ ಒಳಗಿನ ಹೆಸರುಗಳು ನಿಜಕ್ಕೂ ಅಡಗಿರಬೇಕು, ಎಸ್ಕೇಪ್ ಒತ್ತಿದರೆ ಪಟ್ಟಿ ಮುಚ್ಚಬೇಕು. ಥೀಮ್ ಆರಿಸುವಾಗ ಮೌಸ್ ಬದಿಗಿಟ್ಟು ಬರೀ ಟ್ಯಾಬ್, ಎಂಟರ್, ಎಸ್ಕೇಪ್‌ನಲ್ಲಿ ಮೆನು ಓಡಾಡಿ ನೋಡಿ. ಆಗದಿದ್ದರೆ ಆ ಥೀಮ್ ಬೇಡ.

ಮಾಟುಂಗಾದಿಂದ:

ವರ್ಡ್‌ಪ್ರೆಸ್ ಅಲ್ಲದವರಿಗೆ ಒಂದು ಮಾತು. ನಾನು ದುಡ್ಡು ಕೊಟ್ಟು ತಂದ ಎಚ್‌ಟಿಎಂಎಲ್ ಟೆಂಪ್ಲೇಟಿನಲ್ಲಿ ಮೆನು ನಲವತ್ತು ಕಡತದಲ್ಲೂ ನಕಲಾಗಿತ್ತು. ಒಂದು ಹೆಸರು ಬದಲಿಸಲು ನಲವತ್ತು ಸಲ ತಿದ್ದು. ಮೆನುವನ್ನು ಒಂದೇ ಕಡತಕ್ಕೆ ಎತ್ತಿಟ್ಟು, ಪಿಎಚ್‌ಪಿ ಭಾಷೆಯ ‘ಇನ್‌ಕ್ಲೂಡ್’ ಆಜ್ಞೆಯ ಮೂಲಕ ಎಲ್ಲ ಪುಟಕ್ಕೂ ಕರೆಸಿಕೊಂಡೆ. ಟೆಂಪ್ಲೇಟ್ ಬೂಟ್‌ಸ್ಟ್ರಾಪ್ ಎಂಬ ಸಿದ್ಧ ಕೋಡಿನ ಸಂಗ್ರಹದಿಂದ ಮಾಡಿದ್ದಾದರೆ ಆವೃತ್ತಿ ನೋಡಿ: 2021ರಲ್ಲಿ ಬಂದ ಐದನೆಯದರಲ್ಲಿ ಪಟ್ಟಿ ತೆರೆಸುವ ‘ಡೇಟಾ-ಟಾಗಲ್’ ಎಂಬ ಗುಣ ಹೋಗಿ ‘ಡೇಟಾ-ಬಿಎಸ್-ಟಾಗಲ್’ ಆಗಿದೆ. ಹಳೆಯ ತುಣುಕು ಅಂಟಿಸಿದರೆ ಪಟ್ಟಿ ಅಲುಗಾಡುವುದಿಲ್ಲ, ತಪ್ಪು ಎಂದೂ ಹೇಳುವುದಿಲ್ಲ. ನಾನು ಮೂರು ರಾತ್ರಿ ಹುಡುಕಿದ್ದೇನೆ.

ಮುಲುಂಡ್‌ನಿಂದ:

ನನಗೆ ಎಪ್ಪತ್ತೆರಡು. ಕೋಡ್ ಗೊತ್ತಿಲ್ಲ, ಓದುಗನಾಗಿ ಹೇಳುತ್ತೇನೆ. ಒಳಪಟ್ಟಿಯ ಒಳಗೆ ಮತ್ತೊಂದು ಪಟ್ಟಿ ಬಲಕ್ಕೆ ಚಾಚುವುದು ಬೇಡವೇ ಬೇಡ, ನನ್ನ ಬೆರಳು ಅಲ್ಲಿಗೆ ತಲುಪುವುದಿಲ್ಲ. ಸಾಲುಗಳ ನಡುವೆ ಹೆಬ್ಬೆರಳಿಗೆ ಜಾಗ ಬಿಡಿ.

ಚಿಂಚವಾಡದಿಂದ:

ಹಿರಿಯರ ಮಾತಿಗೆ ಅಳತಿನೂ ಅದ: ಒಂದೊಂದು ಸಾಲು ಕಡಿಮಿ ಅಂದ್ರ 44 ಪಿಕ್ಸೆಲ್ ಎತ್ತರ.

ವಾಸ್ಕೋದಿಂದ:

ಎಲ್ಲರಿಗೂ ಧನ್ಯವಾದ. ನನ್ನದು ಹಳೆಯ ಮಾದರಿಯ ಥೀಮ್. ಹ್ಯಾಷ್ ಗುರುತು ಇಟ್ಟ ಮೇಲೆ ನನ್ನ ಫೋನಿನಲ್ಲೂ ಅಮ್ಮನ ಫೋನಿನಲ್ಲೂ ಪಟ್ಟಿ ತೆರೆಯುತ್ತಿದೆ. ಚೀಟಿ ಹರಡಿ ಕೂತೆವು, ಮೇಲಿನ ಸಾಲಿಗೆ ಐದು ಹೆಸರು ಸಾಕಾದವು, ಹದಿನೇಳರಲ್ಲಿ ನಾಲ್ಕು ಪುಟ ಬೇಡವೇ ಬೇಡವಾಗಿತ್ತು. ಒಂದೇ ತೊಂದರೆ ಉಳಿದಿದೆ: ಬಲತುದಿಯ ‘ಸಂಪರ್ಕ’ದ ಒಳಪಟ್ಟಿ ಪರದೆಯಿಂದ ಹೊರಗೆ ಹೋಗಿ ಅರ್ಧ ಮಾತ್ರ ಕಾಣುತ್ತದೆ.

ಚಿಂಚವಾಡದಿಂದ:

ಕೊನೇ ಹೆಸರಿನ ಒಳಪಟ್ಟಿಗೆ ಮಾತ್ರ ‘ಲೆಫ್ಟ್’ ಬೆಲೆ ‘ಆಟೋ’ ಮಾಡಿ, ‘ರೈಟ್’ ಸೊನ್ನಿ ಕೊಡ್ರಿ. ಪಟ್ಟಿ ಒಳಗ ತಿರುಗತದ. ‘ಸಂಪರ್ಕ’ದ ಕೆಳಗ ಎರಡ ಸಾಲು ಇದ್ರ ಅದಕ್ಕ ಡ್ರಾಪ್‌ಡೌನ್ ಯಾಕ ಬೇಕು, ಒಂದ ಪುಟ ಮಾಡ್ರಿ.