ಎಕ್ಸ್‌ರೇ ನಾರ್ಮಲ್ ಅಂದ ಮಾತ್ರಕ್ಕೆ ಓಡಿಸಬೇಡಿ

ಅಕ್ಕಾ, ನಿಮ್ಮ ಮೆಸೇಜ್ ಕೇಳಿದೆ. ಮಗಳಿಗೆ 15 ವರ್ಷ, ಓಟದ ಪ್ರಾಕ್ಟೀಸ್ ಜಾಸ್ತಿ ಆದಮೇಲೆ 3 ವಾರದಿಂದ ತೊಡೆಸಂದಿನಲ್ಲಿ ನೋವು, ಎಕ್ಸ್‌ರೇ ನಾರ್ಮಲ್, ಸೋಮವಾರದಿಂದ ಓಡಬಹುದಾ ಅಂತ ಕೇಳಿದ್ದೀರಿ. ಬೇಡ. ಎಂಆರ್‌ಐ ಆಗೋವರೆಗೂ ಊರುಗೋಲು ಹಿಡಿದೇ ನಡೀಲಿ, ಆ ಕಾಲಿನ ಮೇಲೆ ಭಾರ ಬೀಳಬಾರದು. ಮಾತ್ರೆ ನುಂಗಿ ಓಡೋದಂತೂ ಬೇಡವೇ ಬೇಡ.

ತೊಡೆಮೂಳೆಯ ಕುತ್ತಿಗೆಯಲ್ಲಿ, ಅಂದ್ರೆ ಹಿಪ್ ಕೀಲಿನೊಳಗೆ ಕೂರೋ ದುಂಡು ತಲೆಯ ಕೆಳಗಿನ ಸಣ್ಣ ಭಾಗದಲ್ಲಿ, ಓಟದ ಒತ್ತಡಕ್ಕೆ ಕೂದಲೆಳೆಯಂಥ ಬಿರುಕು (ಸ್ಟ್ರೆಸ್ ಫ್ರಾಕ್ಚರ್) ಬಿಟ್ಟರೆ ಮೊದಮೊದಲು ಎಕ್ಸ್‌ರೇಗೆ ಸಿಗೋದೇ ಅಪರೂಪ. ಮೂಳೆ ತಾನೇ ತೇಪೆ ಹಾಕ್ಕೊಳ್ಳೋಕೆ ಶುರುಮಾಡಿದ ಮೇಲೆ, ಅಂದ್ರೆ 2–4 ವಾರ ಕಳೆದ ಮೇಲೆ, ಅಲ್ಲಿ ಬಿಳಿ ಗೆರೆ ಕಾಣಬಹುದು. ಕೆಲವರಲ್ಲಿ ಆಗಲೂ ಕಾಣಲ್ಲ. ಹಾಗಂತ ಎಕ್ಸ್‌ರೇ ದಂಡ ಅಲ್ಲ. ಈ ವಯಸ್ಸಲ್ಲಿ ಬೆಳವಣಿಗೆ ಫಲಕದ (ಮೂಳೆ ಉದ್ದ ಬೆಳೆಯೋ ಮೆತ್ತನೆ ಪದರ) ಹತ್ತಿರ ಮೂಳೆಯ ತಲೆ ಜಾರಿರೋದೂ ಉಂಟು, ಅದನ್ನ ಮುಂದಿನಿಂದ, ಪಕ್ಕದಿಂದ ಎರಡೂ ಕಡೆ ತೆಗೆದ ಎಕ್ಸ್‌ರೇಲಿ ಹುಡುಕಬೇಕು.

ಎಂಆರ್‌ಐ ಬರೆಸುವಾಗ ಒಂದು ಎಚ್ಚರ. ನಾವು ಸೊಂಟ ನೋವು ಅಂದ್ರೆ ಬೆನ್ನಿನ ಕೆಳಭಾಗ ಅಂದ್ಕೊಂಡು ಬೆನ್ನುಮೂಳೆಯ ಸ್ಕ್ಯಾನ್ ಆಗಿಬಿಡಬಹುದು! ‘ಹಿಪ್ ಜಾಯಿಂಟ್, ತೊಡೆಸಂದು ನೋವು, ಓಟಗಾರ್ತಿ, ಸ್ಟ್ರೆಸ್ ಫ್ರಾಕ್ಚರ್ ಅನುಮಾನ’ ಅಂತ ಫಾರಂನಲ್ಲೇ ಇರಲಿ. ಎರಡೂ ಹಿಪ್ ಒಂದೇ ಚಿತ್ರದಲ್ಲಿ ಬಂದರೆ ಹೋಲಿಸಬಹುದು, ಇನ್ನೊಂದು ಕಡೆ ಸದ್ದಿಲ್ಲದೆ ಶುರುವಾಗಿದ್ರೂ ತಿಳಿಯುತ್ತೆ. ಕೊಬ್ಬಿನ ಹೊಳಪು ಅಡಗಿಸೋ ಎಸ್‌ಟಿಐಆರ್ ಅನ್ನೋ ಬಗೆಯ ಎಂಆರ್‌ಐ ಚಿತ್ರದಲ್ಲಿ ಮೂಳೆ ಮಜ್ಜೆಯ ಊತ ಬೆಳ್ಳಗೆ ಹೊಳೆಯುತ್ತೆ, ಟಿ1 ಅನ್ನೋ ಇನ್ನೊಂದು ಬಗೆಯ ಚಿತ್ರದಲ್ಲಿ ಬಿರುಕು ಕಪ್ಪು ಗೆರೆಯಾಗಿರುತ್ತೆ. ಇದಕ್ಕೆ ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಕಾಗಲ್ಲ. ಸಿಟಿ ಸ್ಕ್ಯಾನ್‌ನಲ್ಲಿ ಆ ಊತ ಸರಿಯಾಗಿ ಕಾಣಲ್ಲ. ಬೋನ್ ಸ್ಕ್ಯಾನ್‌ನಲ್ಲಿ ಬೆಳೆಯೋ ಮಕ್ಕಳ ಫಲಕಗಳೇ ಉರಿಯೋ ಹಾಗೆ ಕಾಣಿಸಿ ಗೊಂದಲ ಆಗುತ್ತೆ, ವಿಕಿರಣ ಬೇರೆ.

ರಿಪೋರ್ಟ್ ಬಂದಾಗ ಬಿರುಕು ಕುತ್ತಿಗೆಯ ಯಾವ ಅಂಚಲ್ಲಿದೆ ಅಂತ ಕೇಳಿ. ಒಳಗಿನ ಕೆಳ ಅಂಚಾದ್ರೆ ಭಾರ ಬಿದ್ದಾಗ ಅದು ಒತ್ತಿಕೊಳ್ಳುತ್ತೆ. ಗೆರೆ ಕುತ್ತಿಗೆಯ ಅರ್ಧ ಅಗಲ ದಾಟಿಲ್ಲದಿದ್ರೆ ಸಾಮಾನ್ಯವಾಗಿ ಊರುಗೋಲು, 6–8 ವಾರ ವಿಶ್ರಾಂತಿ. ಮೇಲಿನ ಹೊರ ಅಂಚಾದ್ರೆ ಪ್ರತಿ ಹೆಜ್ಜೆಗೂ ಬಾಯಿ ಬಿಡುತ್ತೆ. ಅದು ಸರಿದುಹೋದ್ರೆ ಮೂಳೆಯ ತಲೆಗೆ ರಕ್ತ ಹರಿಯೋದು ನಿಂತು ಕೀಲೇ ಹಾಳಾಗಬಹುದು. ಅಂಥ ರಿಪೋರ್ಟ್ ಬಂದ್ರೆ ಅವತ್ತೇ ಮೂಳೆ ಡಾಕ್ಟರ್ ಹತ್ತಿರ ಹೋಗಿ, ಹೆಚ್ಚಾಗಿ ಸ್ಕ್ರೂ ಹಾಕ್ತಾರೆ.

ಮೂಳೆ ಬಲ ಕುಂದೋಕೆ ಇವೂ ಕಾರಣ ಇರಬಹುದು, ಅದಕ್ಕೆ ಮುಟ್ಟು ತಪ್ಪಿದೆಯಾ, ಊಟ ಕಮ್ಮಿ ಆಗಿದೆಯಾ ಅಂತಾನೂ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ವಿಟಮಿನ್ ಡಿ ನೋಡಿಸಿ. ಮನೇಲಿ ಒಂಟಿಕಾಲಲ್ಲಿ ಕುಂಟಿಸಿ ಪರೀಕ್ಷೆ ಮಾಡೋಕೆ ಮಾತ್ರ ಹೋಗಬೇಡಿ. ಇವತ್ತೇ ಕಾಲೂರೋಕೂ ಆಗ್ತಿಲ್ಲ ಅಂದ್ರೆ ಎಂಆರ್‌ಐ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ.