ಮೂರು ತಲೆಮಾರಿನ ನಾಯಿ

"ಹಲ್ಲು ನೋಡುತ್ತಿದ್ದಾರೆ ಕಣ್ರೋ," ಎಂದ ಪುಟ್ಟಸ್ವಾಮಿ, ನಾಯಿ ಶೋ ರಿಂಗಿನ ಕಡೆ ನೋಡಿ ಕುರ್ಚಿಯಿಂದ ಅರ್ಧ ಎದ್ದು.

"ನೋಡಲೇಬೇಕಲ್ಲ. ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರಬೇಕು. ಇಲ್ಲದಿದ್ದರೆ ಅಲ್ಲೇ ಔಟ್," ಎಂದ ವಿಶ್ವ. ಅವನ ಮುಖದಲ್ಲಿ ಮಗಳ ಸಿಇಟಿ ರಿಸಲ್ಟ್ ದಿನವೂ ಇರದಿದ್ದ ಗಾಬರಿ ಇತ್ತು.

ಶಾಮಣ್ಣ ಚುರುಮುರಿ ಅಗಿಯುತ್ತಲೇ ಹೇಳಿದರು. "ನಮ್ಮ ಸೋದರತ್ತೆಯನ್ನು ನೋಡಲು ಬಂದವರೂ ಹೀಗೇ ಮಾಡಿದ್ದರಂತೆ. ಹಲ್ಲು ಕಾಣಲಿ ಅಂತ ಸುಮ್ನೆ ಒಂದು ಜೋಕು ಹೇಳಿದರು. ಕಾಲು ನೆಟ್ಟಗಿದೆಯೋ ಇಲ್ವೋ ನೋಡೋಣ ಅಂತ 'ಒಳಗಿನಿಂದ ನೀರು ತಗೊಂಡು ಬಾಮ್ಮ' ಅಂದರು. ಇಲ್ಲಿ ನೀರು ತರಿಸುವ ಬದಲು ರಿಂಗ್ ಸುತ್ತ ಓಡಿಸುತ್ತಾರೆ. ಉಳಿದದ್ದೆಲ್ಲ ಅದೇ ಶಾಸ್ತ್ರ."

"ಉಪ್ಪಿಟ್ಟು ಕೇಸರಿಬಾತ್ ಒಂದು ಕಡಿಮೆ," ಎಂದಳು ಸುಮಕ್ಕ.

ಅದೂ ಕಡಿಮೆಯೇನಲ್ಲ. ರಿಂಗಿನಲ್ಲಿದ್ದ ಹುಡುಗನ ಜೇಬಲ್ಲಿ ಬೇಯಿಸಿದ ಕೋಳಿಯ ಈಲಿ ಇತ್ತು. ನಾಯಿ ಕತ್ತೆತ್ತಿ, ಕಿವಿ ನಿಮಿರಿಸಿ, ತೀರ್ಪುಗಾರರ ಎದುರು ರಾಜನ ಹಾಗೆ ನಿಂತದ್ದು ಸ್ವಂತ ಗಾಂಭೀರ್ಯದಿಂದಲ್ಲ, ಆ ಜೇಬಿನ ಕಡೆ ನೋಡುತ್ತಾ.

ತಳಿಗಾರರ ಸಂಘದವರು ಶೋ ಸಂಜೆ ಇಟ್ಟಿದ್ದರು. ಬೆಂಗಳೂರಿನ ಒಂದು ಮೈದಾನ, ಸುತ್ತ ದೊಡ್ಡ ದೊಡ್ಡ ಲೈಟು, ಜನರೇಟರ್ ಸದ್ದು, ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಬಂದವರು ಮುಕ್ಕಾಲು ಪಾಲು ಹೊತ್ತು ಕಾಯುವುದೇ. ನಾಯಿಗಳು ಸಮಾಧಾನವಾಗಿ ಕಾಯುತ್ತಿದ್ದವು, ಮನುಷ್ಯರು ಬೊಗಳುತ್ತಿದ್ದರು.

"ಸಂಜೆ ಯಾಕೆ ಇಟ್ಟಿದ್ದಾರೆ ಗೊತ್ತಾ?" ಎಂದ ವಿಶ್ವ. "ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ನಾಲಿಗೆ ಚಾಚಿ ಏದುಸಿರು ಬಿಟ್ಟೇ ತಂಪು ಮಾಡಿಕೊಳ್ಳಬೇಕು. ಮಧ್ಯಾಹ್ನ ಇಟ್ಟರೆ ಪಗ್ಗು, ಬುಲ್‌ಡಾಗು ಎಲ್ಲ ಕೆಳಗೆ ಬೀಳುತ್ತವೆ. ಮೂಗೇ ಇಲ್ಲವಲ್ಲ ಪಾಪ."

"ಮೂಗು ಇಲ್ಲದ ಹಾಗೆ ಮಾಡಿದವರು ಯಾರು?"

"ತಳಿ ಹಾಗೇ ಶಾಮಣ್ಣ."

"ತಳಿ ಹಾಗೇ ಅಲ್ಲ, ಪುಸ್ತಕ ಹಾಗೆ. ಯಾರೋ ಒಬ್ಬ ಮೂಗು ಗಿಡ್ಡ ಇದ್ದರೆ ಚೆಂದ ಅಂತ ಬರೆದಿಟ್ಟ. ಆಮೇಲಿನವರೆಲ್ಲ ಚೆಂದ ಮಾಡುತ್ತಾ ಹೋದರು. ಬುಲ್‌ಡಾಗಿಗೆ ತಲೆ ದೊಡ್ಡದಿರಬೇಕು, ಸೊಂಟ ಸಣ್ಣದಿರಬೇಕು ಅಂದರು. ಈಗ ಬಹುಪಾಲು ಮರಿಗಳು ಸಿಸೇರಿಯನ್‌ನಲ್ಲೇ ಹುಟ್ಟುವುದು. ನಮ್ಮ ಬೀದಿಯ ಲಕ್ಷ್ಮಿ ಮೋರಿ ಪಕ್ಕ ಆರು ಹಾಕಿ, ಅರ್ಧ ಗಂಟೆಯಲ್ಲಿ ಎದ್ದು ಬಂದು ಬನ್ ಕೇಳಿತು."

ವಿಶ್ವ ಉತ್ತರ ಕೊಡಲಿಲ್ಲ. ಅವನ ಕಣ್ಣೆಲ್ಲ ಕೂಲರ್ ಮುಂದೆ ಅಡ್ಡ ಬಿದ್ದಿದ್ದ ತನ್ನ ಹಸ್ಕಿಯ ಮೇಲೆ. ಅದಕ್ಕೆ ಕಾಗದದಲ್ಲಿ ಇರುವ ಹೆಸರು 'ನಾರ್ದರ್ನ್ ಫ್ರಾಸ್ಟ್ ಐವಾನ್ ದಿ ಮ್ಯಾಗ್ನಿಫಿಸೆಂಟ್'. ಮನೆಯಲ್ಲಿ ಪುಟ್ಟು. ಪೂರ್ತಿ ಹೆಸರು ಹಿಡಿದು ಕರೆದರೆ ಅದು ತಿರುಗಿಯೂ ನೋಡುವುದಿಲ್ಲ, ಯಾರೋ ಬೇರೆಯವರನ್ನು ಕರೆಯುತ್ತಿದ್ದಾರೆ ಅಂದುಕೊಳ್ಳುತ್ತದೆ.

"ಹಸ್ಕಿ ಅಂದರೆ ಸುಮ್ನೆ ಅಲ್ಲ ಶಾಮಣ್ಣ," ಎಂದ ಅವನು ಕೊನೆಗೆ. "1925ರಲ್ಲಿ ಅಲಾಸ್ಕಾದ ನೋಮ್ ಅನ್ನೋ ಊರಲ್ಲಿ ಡಿಫ್ತೀರಿಯಾ ಬಂತು. ವಿಮಾನ ಹೋಗುವ ಹಾಗಿಲ್ಲ, ಹಡಗು ಹೋಗುವ ಹಾಗಿಲ್ಲ. ಔಷಧಿಯನ್ನು ಹಿಮದಲ್ಲಿ ಎಳೆದುಕೊಂಡು ಹೋಗಿ ಊರು ಉಳಿಸಿದವು ಇವೇ ಸ್ಲೆಡ್ ನಾಯಿಗಳು."

"ಸಂತೋಷ. ನಿನ್ನದು ಏನು ಎಳೆಯುತ್ತದೆ?"

"ಅವನನ್ನೇ," ಎಂದಳು ಸುಮಕ್ಕ. "ದಿನಾ ಬೆಳಗ್ಗೆ ಪಾರ್ಕಿನ ಸುತ್ತ. ನೋಡಿದವರು ನಾಯಿ ಇವನನ್ನು ವಾಕಿಂಗ್ ಕರೆದುಕೊಂಡು ಬಂದಿದೆ ಅಂತಲೇ ತಿಳಿದಿದ್ದಾರೆ. ಆಮೇಲೆ ಮನೆಗೆ ಬಂದು ಎಸಿ ಹಾಕಿಸಿಕೊಂಡು ಮಲಗುತ್ತದೆ. ಅಮ್ಮ ಹಾಲ್‌ನಲ್ಲಿ ಫ್ಯಾನ್ ಕೆಳಗೆ."

"ಅಮ್ಮನಿಗೆ ಎಸಿ ಆಗಲ್ಲ ಅಕ್ಕ."

"ಯಾರಾದರೂ ಕೇಳಿದ್ದೀರಾ ಅವರನ್ನ?"

ಮಾತು ಬೇರೆ ಕಡೆ ಹೊರಳುವ ಸೂಚನೆ ಕಂಡು ಪುಟ್ಟಸ್ವಾಮಿ ಮಧ್ಯೆ ಬಂದ. "ಅದಿರಲಿ, ಇದು ಅಸಲಿ ಅನ್ನೋಕೆ ಏನು ಗ್ಯಾರಂಟಿ?"

ವಿಶ್ವ ಬ್ಯಾಗಿನಿಂದ ಒಂದು ಫೈಲ್ ತೆಗೆದ. ಸೈಟಿನ ಕ್ರಯಪತ್ರ ತೆಗೆಯುವ ಹಾಗೆ ಎರಡು ಕೈಯಲ್ಲಿ ತೆಗೆದ. "ಪೆಡಿಗ್ರೀ ಸರ್ಟಿಫಿಕೇಟು. ಕತ್ತಿನ ಹತ್ತಿರ ಮೈಕ್ರೋಚಿಪ್ ಇದೆ, ಅದರ ನಂಬರು ಇಲ್ಲಿದೆ. ಅಪ್ಪ, ಅಮ್ಮ, ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿ. ಮೂರು ತಲೆಮಾರು."

ಶಾಮಣ್ಣ ಚುರುಮುರಿ ಪೊಟ್ಟಣ ಕೆಳಗಿಟ್ಟರು. ಇದಕ್ಕೇ ಕಾಯುತ್ತಿದ್ದರೇನೋ.

"ಪಿತೃಪಕ್ಷದಲ್ಲಿ ನಿಮ್ಮ ಮನೆಗೆ ಬಂದಿದ್ದೆನಲ್ಲ. ತರ್ಪಣಕ್ಕೆ ಕೂತಿದ್ದೆ ನೀನು. ಪುರೋಹಿತರು ಎಷ್ಟು ತಲೆಮಾರು ಕೇಳಿದರು?"

"ಮೂರು."

"ತಾತನ ಹೆಸರು ಹೇಳಿದೆ. ತಾತನ ಅಪ್ಪನ ಹೆಸರಿಗೆ ಏನು ಮಾಡಿದೆ?"

ವಿಶ್ವ ಸುಮ್ಮನಿದ್ದ.

"ಮಂಗಳೂರಿನ ಚಿಕ್ಕಪ್ಪನಿಗೆ ಫೋನ್ ಹಾಕಿದೆ. ಅವರು ಎತ್ತಲಿಲ್ಲ. ಆಮೇಲೆ ಪುರೋಹಿತರೇ ಪಾಪ, 'ಗೊತ್ತಿಲ್ಲದಿದ್ದರೆ ನಾರಾಯಣ ಅಂತ ಸೇರಿಸಿಕೊಳ್ಳಿ' ಅಂದರು. ಮುತ್ತಾತ ನಾರಾಯಣ ಆದ. ನಾಯಿಯ ಮುತ್ತಾತ ಯಾರು, ಓದು?"

"ಚಾಂಪಿಯನ್ ಸ್ಟಾರ್ಮ್ ರೈಡರ್ ಆಫ್..."

"ಸಾಕು. ನಿನ್ನ ಮನೆಯಲ್ಲಿ ಗೊತ್ತುಗುರಿ ಇರುವ ವಂಶ ಯಾವುದು ಅಂತ ಇತ್ಯರ್ಥ ಆಯಿತು."

ಇಷ್ಟಕ್ಕೆ ಬಿಡಬಹುದಿತ್ತು. ಶಾಮಣ್ಣ ಬಿಡುವ ಜನ ಅಲ್ಲ. "ಈ ಊರಲ್ಲಿ ಜಾತಿ ಗೀತಿ ಎಲ್ಲ ನಾವು ಕೇಳಲ್ಲ ಸಾರ್, ಮಾಡರ್ನ್ ಜನ ಅಂತ ಹೇಳುವವನೇ ನಾಯಿ ತರುವಾಗ ಅದರ ಅಜ್ಜಿ ಎಲ್ಲಿ ಹೋಗಿದ್ದಳು, ಯಾರ ಜೊತೆ ಹೋಗಿದ್ದಳು, ಎಲ್ಲ ವಿಚಾರಿಸುತ್ತಾನೆ. ಬಾಡಿಗೆ ಮನೆ ಕೊಡುವಾಗ ಕೇಳುತ್ತಿದ್ದ ಪ್ರಶ್ನೆಗಳನ್ನೆಲ್ಲ ಈಗ ನಾಯಿಗೆ ಕೇಳಬಹುದು. ಯಾರೂ ಕೇಸು ಹಾಕಲ್ಲ."

ರಿಂಗಿನಲ್ಲಿ ತೀರ್ಪುಗಾರರು ಹಲ್ಲು ಮುಗಿಸಿ ಬೆನ್ನು ತಡವಿ, ಹಿಂಗಾಲಿನ ಮಧ್ಯೆ ಕೈ ಹಾಕಿದರು. ಪುಟ್ಟಸ್ವಾಮಿ ಆ ಕಡೆ ಮುಖ ತಿರುಗಿಸಿದ. "ಅದೇನು ನೋಡುತ್ತಿದ್ದಾರೆ?"

"ಗಂಡು ನಾಯಿಗೆ ಎರಡೂ ಇಳಿದಿರಬೇಕು," ಎಂದ ವಿಶ್ವ ಮೆಲ್ಲಗೆ. "ರೂಲ್ಸು. ಇದು ತಳಿ ಬೆಳೆಸುವವರ ಶೋ ಅಲ್ವಾ."

ಸುಮಕ್ಕ ಮಾತ್ರ ನೆಟ್ಟಗೆ ನೋಡುತ್ತಲೇ ಇದ್ದಳು. "ಒಳ್ಳೆ ರೂಲ್ಸು. ನಮ್ಮನ್ನು ನೋಡಲು ಬಂದವರಲ್ಲಿ ಗಂಡಿನ ಹಲ್ಲನ್ನೂ ಯಾರೂ ನೋಡಿರಲಿಲ್ಲ. ನಾಯಿಗಳೇ ವಾಸಿ."

ಸ್ವಲ್ಪ ಹೊತ್ತು ಗಂಡಸರು ಯಾರೂ ಮಾತಾಡಲಿಲ್ಲ. ಚುರುಮುರಿ ತಿಂದರು.

ಗುರುರಾಜ ಅಷ್ಟು ಹೊತ್ತೂ ಪಟ್ಟಿ ಹಿಡಿದು ಏನೋ ಹುಡುಕುತ್ತಿದ್ದ. "ಏನ್ರೀ ಇದು, ನಮ್ಮ ನಾಯಿನೇ ಇಲ್ಲಲ್ರೀ ಇದರಾಗ. ಮುಧೋಳ ಅಂತ ಎಲ್ಲೂ ಬರೆದಿಲ್ಲ."

"ಕ್ಯಾರವಾನ್ ಹೌಂಡ್ ಅಂತ ನೋಡು, ಅದೇ ಇರಬೇಕು," ಎಂದ ವಿಶ್ವ.

ಗುರುರಾಜನಿಗೆ ರೇಗಿತು. ಬಾಗಲಕೋಟೆಯವರಿಗೆ ಬೇರೆ ಯಾವುದಕ್ಕೂ ಅಷ್ಟು ರೇಗುವುದಿಲ್ಲ. ಮುಧೋಳದ ಘೋರ್ಪಡೆ ರಾಜರು ಈ ನಾಯಿಗಳನ್ನು ಸಾಕಿ ಬೆಳೆಸಿದ್ದು, ಮಾಲೋಜಿರಾವ್ ಘೋರ್ಪಡೆ ಒಂದು ಜೊತೆ ಮರಿಯನ್ನು ಐದನೇ ಜಾರ್ಜ್ ದೊರೆಗೆ ಕೊಟ್ಟದ್ದು, 2005ರಲ್ಲಿ ಅಂಚೆ ಚೀಟಿ ಬಂದದ್ದು, 2016ರಲ್ಲಿ ಮೀರತ್‌ನಲ್ಲಿ ಸೈನ್ಯದವರು ತರಬೇತಿಗೆ ತಗೊಂಡದ್ದು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ್ದು, ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದ.

"ಪ್ರಧಾನಿ ಹೇಳಿದ ಮೇಲೆ ಇಲ್ಲಿಯವರೂ ತಂದರಲ್ಲ," ಎಂದರು ಶಾಮಣ್ಣ. "ನಮ್ಮ ಅಪಾರ್ಟ್‌ಮೆಂಟಿನಲ್ಲೂ ಒಂದು ಬಂತು. ಬಯಲಲ್ಲಿ ಮೊಲದ ಹಿಂದೆ ಓಡುವ ನಾಯಿ. ಎರಡು ಬೆಡ್‌ರೂಮಿನಲ್ಲಿ ಎಲ್ಲಿ ಓಡುತ್ತದೆ? ಸೋಫಾ ತಿಂದಿತು. ಪುನಃ ಊರಿಗೆ ಬಿಟ್ಟು ಬಂದರು. ಅದಕ್ಕೆ ಮೊದಲು ಮೊಬೈಲ್ ಜಾಹೀರಾತು ನೋಡಿ ಪಗ್ ತಂದಿದ್ದವರು ಅವರೇ."

"ನಮ್ಮ ಕಡೆ ಕುರುಬರ ಹಟ್ಟಿಯೊಳಗ ನೋಡಬೇಕ್ರೀ ಅದನ್ನ. ಜೋಳದ ರೊಟ್ಟಿ, ಮಜ್ಜಿಗಿ. ಅಷ್ಟ ಸಾಕು. ಏನ್ ಗತ್ತು!"

"ಅಲ್ಲಿ ಯಾರೂ ಬಹುಮಾನದ ಕಪ್ಪು ಕೊಡುವುದಿಲ್ಲವಲ್ಲ, ಅದಕ್ಕೇ ಗತ್ತು ಉಳಿದಿದೆ," ಎಂದರು ಶಾಮಣ್ಣ. "ಈ ಕಪ್ಪಿನ ಕಥೆ ಗೊತ್ತಾ? ಮೊದಲ ನಾಯಿ ಶೋ ಆದದ್ದು ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ, 1859ರಲ್ಲಿ. ಅದೂ ಕೋಳಿ ಪ್ರದರ್ಶನದ ಪಕ್ಕ, ಜೊತೆಗಿರಲಿ ಅಂತ ಇಟ್ಟದ್ದು. ಪಾಯಿಂಟರ್, ಸೆಟರ್, ಎರಡೇ ಜಾತಿ. ಬಹುಮಾನ ಬಂದೂಕು. ಪಾಯಿಂಟರ್‌ಗೆ ತೀರ್ಪು ಕೊಟ್ಟವನ ನಾಯಿಗೆ ಸೆಟರ್‌ನಲ್ಲಿ ಬಹುಮಾನ. ಸೆಟರ್‌ಗೆ ತೀರ್ಪು ಕೊಟ್ಟವನ ನಾಯಿಗೆ ಪಾಯಿಂಟರ್‌ನಲ್ಲಿ ಬಹುಮಾನ."

"ಅಯ್ಯೋ, ನಮ್ಮ ಸೊಸೈಟಿ ಎಲೆಕ್ಷನ್!" ಎಂದ ಪುಟ್ಟಸ್ವಾಮಿ ತೊಡೆ ತಟ್ಟಿ.

"ಅಷ್ಟೇ ಅಲ್ಲ. 1891ರಲ್ಲಿ ಲಂಡನ್ನಿನಲ್ಲಿ ಕ್ರಫ್ಟ್ಸ್ ಅನ್ನುವ ಶೋ ಶುರು ಮಾಡಿದ ಚಾರ್ಲ್ಸ್ ಕ್ರಫ್ಟ್ ಏನು ಮಾಡುತ್ತಿದ್ದ ಹೇಳು? ನಾಯಿ ಬಿಸ್ಕತ್ತು ಮಾರುತ್ತಿದ್ದ. ಇಲ್ಲಿ ಗೇಟಿನ ಹತ್ತಿರ ಸ್ಟಾಲ್‌ಗಳನ್ನು ನೋಡಿದೆಯಾ? ನಾಯಿಗೆ ಶಾಂಪೂ, ನಾಯಿಗೆ ರೇನ್‌ಕೋಟು, ನಾಯಿಗೆ ಹುಟ್ಟುಹಬ್ಬದ ಕೇಕು. ಬಿಸ್ಕತ್ತು ಮೊದಲು, ನಾಯಿ ಆಮೇಲೆ."

ವಿಶ್ವನಿಗೆ ಈಗ ನಿಜವಾಗಿ ನೋವಾಯಿತು. "ಎಲ್ಲವನ್ನೂ ತಮಾಷೆ ಮಾಡಿ ಶಾಮಣ್ಣ. ಅದು ರಾತ್ರಿ ನನ್ನ ಕಾಲ ಮೇಲೆ ತಲೆ ಇಟ್ಟು ಮಲಗುತ್ತದೆ. ಆಫೀಸಿನಿಂದ ತಡವಾಗಿ ಬಂದರೆ ಬಾಗಿಲ ಹತ್ತಿರವೇ ಇರುತ್ತದೆ. ನಮ್ಮ ಮನೆಯಲ್ಲಿ ಬೇರೆ ಯಾರಿಗೂ ನಾನು ಬಂದದ್ದು ಗೊತ್ತೂ ಆಗಲ್ಲ."

"ಅದಕ್ಕೆ ನಾನು ಏನಾದರೂ ಅಂದೆನಾ?" ಎಂದರು ಶಾಮಣ್ಣ, ದನಿ ಇಳಿಸಿ. "ನಮ್ಮ ಊರಮನೆಯಲ್ಲೂ ಕರಿಯ ಅಂತ ಇತ್ತು. ಎಲ್ಲಿಂದ ಬಂತೋ, ಒಂದು ಮಳೆಗಾಲ ಜಗಲಿಗೆ ಬಂದು ಕೂತಿತು. ಅದರ ಅಪ್ಪ ಯಾರು ಅಂತ ಅದರ ಅಮ್ಮನಿಗೂ ಗೊತ್ತಿರಲಿಕ್ಕಿಲ್ಲ. ಬಣ್ಣವೂ ಪೂರ್ತಿ ಕಪ್ಪಲ್ಲ. ಅದು ಹೋದಾಗ ಅಪ್ಪ ತಾನೇ ಗುದ್ದಲಿ ಹಿಡಿದು ಹಿತ್ತಲಲ್ಲಿ ಮಣ್ಣು ಮಾಡಿ, ಬಾವಿಕಟ್ಟೆಗೆ ಹೋಗಿ ತಲೆ ಮೇಲೆ ಬಿಂದಿಗೆ ಬಿಂದಿಗೆ ನೀರು ಸುರಿದುಕೊಂಡರು. ಅಜ್ಜಿ, 'ನಾಯಿಗೆಂಥ ಸೂತಕ ಮಾರಾಯ' ಅಂದಳು. ಸೂತಕಕ್ಕಲ್ಲ ಅದು. ನೀರು ಸುರಿದುಕೊಂಡರೆ ಅಳುವುದು ಕಾಣಲ್ಲವಲ್ಲ."

ಸುಮಕ್ಕ ಅವರ ಕಡೆ ನೀರಿನ ಬಾಟಲ್ ದೂಡಿದಳು.

"ಪ್ರೀತಿಗೆ ಸರ್ಟಿಫಿಕೇಟು ಬೇಡ ಅಂತ ತಾನೇ ನೀವು ಹೇಳುವುದು?" ಎಂದ ವಿಶ್ವ.

"ಬೇಕಾದರೆ ಕೊಡಲಿ. ಏನು ಮಾಡಿದೆ ಅನ್ನುವುದಕ್ಕೆ ಕೊಡಲಿ, ಯಾರಿಗೆ ಹುಟ್ಟಿದೆ ಅನ್ನುವುದಕ್ಕೆ ಯಾಕೆ? ಕಸ್ತೂರ್ಬಾ ರಸ್ತೆಯ ಮ್ಯೂಸಿಯಂಗೆ ಹೋಗಿ ನೋಡು. ಆತಕೂರಿನ ಕಲ್ಲು ಇದೆ. 949ರಲ್ಲಿ ತಕ್ಕೋಲದಲ್ಲಿ ರಾಷ್ಟ್ರಕೂಟರಿಗೂ ಚೋಳರಿಗೂ ಯುದ್ಧ. ರಾಷ್ಟ್ರಕೂಟರ ಪರ ನಿಂತಿದ್ದ ಗಂಗರ ರಾಜ ಬೂತುಗನ ಕಡೆ ಮಣಲೆರ ಅನ್ನುವವನು ಚೆನ್ನಾಗಿ ಹೋರಾಡಿದ. ಬೂತುಗ ಮೆಚ್ಚಿ, ಏನು ಬೇಕೋ ಕೇಳು ಅಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಇವನು ರಾಜನ ನಾಯಿ ಕೇಳಿದ."

"ನಾಯಿ?"

"ಕಾಳಿ ಅಂತ ಅದರ ಹೆಸರು. ಆಮೇಲೆ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕೆ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿ, ನಾಯಿ ಹಂದಿ ಕಾದಾಡುವುದನ್ನು ಕೆತ್ತಿಸಿ, ಪೂಜೆಗೆ ಅಂತ ಭೂಮಿ ಬಿಟ್ಟರು. ಅಲ್ಲಿನ ಗೊರವ, ಅಂದರೆ ಶಿವನ ಪೂಜಾರಿ, ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುತ್ತದೆ ಅಂತ ಬರೆಸಿದ್ದಾರೆ. ಸಾವಿರ ವರ್ಷದ ಮೇಲಾಯಿತು. ರಾಜನ ಹೆಸರು, ಯುದ್ಧದ ಹೆಸರು, ನಾಯಿಯ ಹೆಸರು ಎಲ್ಲ ಇದೆ. ಕಾಳಿಯ ಅಪ್ಪ ಯಾರು ಅಂತ ಒಂದು ಅಕ್ಷರ ಇಲ್ಲ."

ಎಲ್ಲರೂ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಗುರುರಾಜ ಕೆಮ್ಮಿದ.

"ಹಂದಿ ಮ್ಯಾಲೆ ಬಿದ್ದು ಹೊಡಿತು ಅಂದರ... ಅದು ನಮ್ಮ ಮುಧೋಳದ್ದ ಇರಬೇಕ್ರೀ."

"ಯಾವ ಮುಧೋಳ?" ಪುಟ್ಟಸ್ವಾಮಿ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. "ಆತಕೂರು ನಮ್ಮ ಮದ್ದೂರು ತಾಲ್ಲೂಕು. ಕಾಳಿ ನಮ್ಮ ಮಂಡ್ಯದ ನಾಯಿ."

"ಕಲ್ಲು ನಿಮ್ಮಲ್ಲಿ ನಿಲ್ಲಿಸ್ಯಾರ. ನಾಯಿ ರಾಜರು ಕೊಟ್ಟದ್ದು. ರಾಷ್ಟ್ರಕೂಟರ ಕಡೆಯಿಂದ ಬಂದಿರಬೇಕು. ಅವರು ನಮ್ಮ ಕಡೆಯವರು."

"ನಾಯಿ ಗಂಗರದ್ದು ಕಣಯ್ಯಾ! ತಲಕಾಡಿನವರು!"

"ಹಂದಿ ಹಿಡಿಯುವುದಕ್ಕೆ ದವಡೆ ಅಗಲ ಇರಬೇಕು," ಎಂದ ವಿಶ್ವ, ಫೈಲು ಪಕ್ಕಕ್ಕಿಟ್ಟು. "ಮುಧೋಳದ್ದು ಸಪೂರ ಮೂತಿ. ಶಾಮಣ್ಣ, ಕಲ್ಲಿನಲ್ಲಿ ಕಿವಿ ಮೇಲೆ ನಿಂತಿದೆಯಾ, ಜೋಲು ಬಿದ್ದಿದೆಯಾ? ಬಾಲ ಸುರುಳಿಯೋ ನೇರವೋ? ಅದು ಗೊತ್ತಾದರೆ ಹೇಳಿಬಿಡಬಹುದು."

ಮೈಕಿನಲ್ಲಿ ಹಸ್ಕಿ ಕ್ಲಾಸ್ ಕರೆದರು. ಇನ್ನೊಮ್ಮೆ ಕರೆದರು. ವಿಶ್ವನಿಗೆ ಕೇಳಿಸಲಿಲ್ಲ. ಹ್ಯಾಂಡ್ಲರ್ ಹುಡುಗ ಬಂದು ಇವರನ್ನೆಲ್ಲ ಒಮ್ಮೆ ನೋಡಿ, ಐವಾನ್ ದಿ ಮ್ಯಾಗ್ನಿಫಿಸೆಂಟನ್ನು 'ಬಾರೋ ಪುಟ್ಟು' ಅಂತ ಎಬ್ಬಿಸಿಕೊಂಡು ಹೋದ.

"ಇನ್ನು ಸ್ವಲ್ಪ ಬಿಟ್ಟರೆ ಕಾಳಿಯ ಗೋತ್ರ ಕೇಳುತ್ತೀರಿ," ಎಂದಳು ಸುಮಕ್ಕ.

"ಗೋತ್ರ ಗೊತ್ತಿಲ್ಲ ಸುಮಕ್ಕ," ಎಂದ ಪುಟ್ಟಸ್ವಾಮಿ. "ಆದರೆ ಹಂದಿಯೂ ನಮ್ಮ ಕಡೆಯದೇ."