ಶ್ರೀಶೈಲ ಪಾದಯಾತ್ರೆ: ಅವ್ವನ ಜೊತೆ ಅಡವಿ ದಾಟುವುದು ಹೇಗೆ?

ಕೇಳಿದವರು: ಈ ಯುಗಾದಿಗೆ ಊರಿನಿಂದ ಮಲ್ಲಯ್ಯನ ಕಂಬಿ (ಕಾವಡಿ) ಹೊತ್ತು ನಡೆಯುವವರ ಜೊತೆ ಅವ್ವನನ್ನು ಕರೆದುಕೊಂಡು ಶ್ರೀಶೈಲಕ್ಕೆ ನಡೆದು ಹೋಗಬೇಕು ಅಂತಿದ್ದೇನೆ. ಡಾಂಬರು ರಸ್ತೆಯದು ಹೇಗೋ ಆಗುತ್ತದೆ. ಆತ್ಮಕೂರು ದಾಟಿದ ಮೇಲೆ ನಲ್ಲಮಲ ಅಡವಿ ಇದೆಯಲ್ಲ, ಅದರದೇ ಚಿಂತೆ. ಅವ್ವನಿಗೆ 58 ವರ್ಷ, ಒಂದು ಮಂಡಿ ನೋವು. ಹೋಗಿ ಬಂದವರು ಹೇಳಿ.

ಬಾಗಲಕೋಟೆಯಿಂದ: ಅಡವಿ ಅಂತ ಹೆದರಬೇಡಿ. ಯುಗಾದಿ ಹೊತ್ತಿಗೆ ಅಲ್ಲಿ ಹಿಂದೆ ಮುಂದೆ ಜನವೇ ಜನ. ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ, ಕೈಲಾಸ ದ್ವಾರ, ಹೀಗೆ ಹೋಗುತ್ತದೆ ದಾರಿ. ನೀವು ಲೆಕ್ಕ ಹಾಕಬೇಕಾದ್ದು ಭೀಮನ ಕೊಳ್ಳದ್ದು. ಎಲ್ಲರೂ ಏರು ಏರು ಅಂತ ಹೆದರಿಸುತ್ತಾರೆ. ಏರಿನಲ್ಲಿ ಉಸಿರು ಕಟ್ಟಿದರೆ ಕೂತು ಸುಧಾರಿಸಿಕೊಳ್ಳಬಹುದು. ಮಂಡಿ ಹಿಡಿಯುವುದು ಇಳಿಯುವಾಗ. ಕಲ್ಲಿನ ಮೆಟ್ಟಿಲು ಒಂದು ಗಿಡ್ಡ, ಇನ್ನೊಂದು ಎತ್ತರ. ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದ ಹೆಸರು 14ನೇ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿಗಿದೆ. ಪುಣ್ಯಾತ್ಮ, ಅಳತೆ ಮಾತ್ರ ನೋಡಿಕೊಂಡಿಲ್ಲ ಅನ್ನಿಸುತ್ತದೆ!

ಅಲ್ಲಿ ವಯಸ್ಸಾದ ಹೆಂಗಸರು ಇಳಿಯುವುದನ್ನು ನೋಡಿ ಕಲಿಯಬೇಕು. ಸ್ವಲ್ಪ ಓರೆಯಾಗಿ ನಿಲ್ಲುತ್ತಾರೆ. ಮೊದಲು ಕೋಲು ಕೆಳಗಿನ ಮೆಟ್ಟಿಲಿಗೆ, ಆಮೇಲೆ ನೋವಿರುವ ಕಾಲು, ಕೊನೆಗೆ ಗಟ್ಟಿ ಕಾಲು. ಎರಡೂ ಕಾಲು ಒಂದೇ ಮೆಟ್ಟಿಲಿಗೆ ಬಂದ ಮೇಲೆಯೇ ಮುಂದಿನದು. ಹತ್ತುವಾಗ ಉಲ್ಟಾ, ಗಟ್ಟಿ ಕಾಲು ಮೊದಲು. ಹಿಂದಿನವರು ಅವಸರ ಮಾಡಿದರೆ ಪಕ್ಕಕ್ಕೆ ನಿಂತು ದಾರಿ ಬಿಡಿ. ಪೆದ್ದಚೆರುವಿನಲ್ಲಿ ರಾತ್ರಿ ತಂಗಿ, ನಸುಕಿನಲ್ಲಿ ಹೊರಟರೆ ಬಿಸಿಲು ಏರುವ ಮುಂಚೆ ಸುಮಾರು ದಾರಿ ಸಾಗುತ್ತದೆ.

ರಾಯಚೂರಿನಿಂದ: ನಾನು ಇದಕ್ಕೆ ಒಪ್ಪಲ್ಲ. ಮಂಡಿ ನೋವಿದ್ದರೆ ಅಡವಿ ದಾರಿ ಯಾಕೆ? ಆತ್ಮಕೂರಿನವರೆಗೆ ನಡೆಸಿ. ಅಲ್ಲಿಂದ ದೋರ್ನಾಲ ಮೇಲೆ ಶ್ರೀಶೈಲಕ್ಕೆ ಗಾಡಿ ರಸ್ತೆ ಇದೆ. ಹಗಲಲ್ಲೇ ಹತ್ತಿಸಿ, ರಾತ್ರಿ ಅರಣ್ಯದ ಚೆಕ್‌ಪೋಸ್ಟ್ ಮುಚ್ಚುತ್ತಾರೆ. ಭ್ರಮರಾಂಬೆ ನಮ್ಮ ಮನೆ ಮಗಳು, ಮಲ್ಲಯ್ಯ ಅಳಿಯ ಅಂತೀವಿ ಅಲ್ವಾ? ಮಗಳ ಮನೆಗೆ ಅವ್ವ ಗಾಡಿಯಲ್ಲಿ ಹೋದರೆ ಅಳಿಯ ಬೇಡ ಅಂತಾನಾ?

ವಿಜಯಪುರದಿಂದ: ಪಾದದ ವಿಷಯ ಯಾರೂ ಹೇಳಲಿಲ್ಲ. ಹೊಸ ಶೂ ಬೇಡವೇ ಬೇಡ, ಹಳೆಯದೇ ಸಾಕು. ಹೊರಡುವ ಮುಂಚೆ ಉಗುರು ಕತ್ತರಿಸಿ. ಇಳಿಯುವಾಗ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಬೆರಳ ಸಂದಿಗೆ ವ್ಯಾಸಲೀನ್ ಹಚ್ಚಿ, ಒದ್ದೆಯಾದ ಸಾಕ್ಸ್ ಆಗಲೇ ಬದಲಿಸಿ. ಗುಳ್ಳೆ ಎದ್ದರೆ ಮೇಲಿನ ಚರ್ಮ ಕೀಳಬೇಡಿ, ಅದೇ ಒಳಗಿನ ಹಸಿ ಚರ್ಮಕ್ಕೆ ಮುಚ್ಚಳ. ಗುಳ್ಳೆ ಏಳುವ ಮುಂಚೆ ಆ ಜಾಗ ಉರಿಯುತ್ತದೆ. ಆಗಲೇ ಕೂತು ಪಟ್ಟಿ ಅಂಟಿಸಿಬಿಟ್ಟರೆ ಕಾಲು ಉಳಿಯಿತು. ‘ಮುಂದಿನ ಅರವಟಿಗೆಯಲ್ಲಿ ನೋಡೋಣ’ ಅಂದವರೇ ಕುಂಟುತ್ತಾ ಬರುವುದು.

ನಿಮ್ಮ ಅವ್ವನಿಗೆ ಸಕ್ಕರೆ ಕಾಯಿಲೆ ಇದ್ದರೆ ಕಥೆಯೇ ಬೇರೆ. ಕಾಲಿಗೆ ಗಾಯವಾದರೂ ಗೊತ್ತಾಗಲ್ಲ. ಡಾಕ್ಟರನ್ನು ಕೇಳದೆ ಹೊರಡಬೇಡಿ.

ಕೇಳಿದವರು: ಸಕ್ಕರೆ ಇಲ್ಲ. ಗಾಡಿ ಅಂದಿದ್ದಕ್ಕೆ ಅವ್ವ ಮುಖ ಊದಿಸಿಕೊಂಡಿದ್ದಾಳೆ. ನೀರು, ಊಟ?

ಬೆಳಗಾವಿಯಿಂದ: ದಾಸೋಹದವರು ಊಟಕ್ಕೆ ಕೊರತೆ ಮಾಡಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮಜ್ಜಿಗೆ ಸಿಗುತ್ತದೆ. ಹೊಟ್ಟೆ ಬಿರಿಯುವಂತೆ ತಿಂದು ಏರು ಹತ್ತಬೇಡಿ ಅಷ್ಟೇ. ನೀರಿನ ಬಾಟಲಿ ಮಾತ್ರ ನಿಮ್ಮದೇ ಇರಲಿ, ಜೊತೆಗೆ ಓಆರ್‌ಎಸ್. ಪ್ಯಾಕೆಟ್ ಮೇಲೆ ಬರೆದಷ್ಟೇ ನೀರಿಗೆ ಕಲಸಿ, ಸುಮ್ನೆ ಬಾಯಿಗೆ ಸುರಿದುಕೊಳ್ಳಬೇಡಿ. ಫೋನ್ ನಂಬಬೇಡಿ. ತಪ್ಪಿಸಿಕೊಂಡರೆ ಎಲ್ಲಿ ಕಾಯಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಅದು ಹುಲಿ ಸಂರಕ್ಷಿತ ಕಾಡು, ಪ್ಲಾಸ್ಟಿಕ್ ಬಿಸಾಡಬೇಡಿ.

ಬಾಗಲಕೋಟೆಯಿಂದ: ರಾಯಚೂರಿನ ಅಣ್ಣ ಹೇಳಿದ್ದರಲ್ಲಿ ಒಂದು ಮಾತು ನಿಜ. ಏನೇ ತೀರ್ಮಾನ ಇದ್ದರೂ ಆತ್ಮಕೂರಿನಲ್ಲೇ ಆಗಬೇಕು. ಅಡವಿ ಹೊಕ್ಕ ಮೇಲೆ ನಡುವೆ ಗಾಡಿ ಹತ್ತುತ್ತೇನೆ ಅಂದರೆ ಕಷ್ಟ. ಈಗಿನಿಂದಲೇ ಅವ್ವನನ್ನು ಯಾವುದಾದರೂ ಬೆಟ್ಟದ ಗುಡಿಗೆ ಕರೆದುಕೊಂಡು ಹೋಗಿ, ಇಳಿಯುವಾಗ ಜೊತೆಗಿದ್ದು ನೋಡಿ. ಮರುದಿನ ಬೆಳಿಗ್ಗೆ ಮಂಡಿ ಊದಿದ್ದರೆ ಗಾಡಿಯೇ ಸರಿ.